ತರಕಾರಿ ಸೂಪಿನಲ್ಲೂ ಮೀನಂತೆ!

ದೊಡ್ಡಪ್ಪ (ಫಾರ್ವರ್ಡ್): ಎಚ್ಚರ! ಮಾಂಸ, ಮೀನು, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟದ, ವಿದೇಶಕ್ಕೆ ಹೋಗುವ ವೀಗನ್‌ಗಳೇ ಗಮನಿಸಿ. ಜಪಾನಿನಲ್ಲಿ ವೀಗನ್ ಊಟ ಸಿಗುವುದೇ ಇಲ್ಲ. ತರಕಾರಿ ಸೂಪಿಗೂ ಮೀನು ಹಾಕುತ್ತಾರೆ. ನಿಮ್ಮವರಿಗೆಲ್ಲ ಕಳಿಸಿ.

ದೊಡ್ಡಪ್ಪ: ಪುಟ್ಟಿ, ನೋಡಿದೆಯಾ? ಮುಂದಿನ ತಿಂಗಳು ಜಪಾನಿಗೆ ಹೊರಟಿದ್ದೀಯಲ್ಲ.

ಅಕ್ಕ: ಅಯ್ಯೋ! ನಾನು ಆವತ್ತೇ ಹೇಳಿದ್ದೆ.

ಭಾವ: ಮಾವ, ಇದನ್ನು ಬರೆದವರು ಯಾರು? ಎಲ್ಲಿ ಬಂದಿದ್ದು?

ದೊಡ್ಡಪ್ಪ: ವಾಕಿಂಗ್ ಗೆಳೆಯರು ಕಳಿಸಿದ್ದು. ಎಲ್ಲರೂ ದೊಡ್ಡ ಹುದ್ದೆಯಲ್ಲಿದ್ದವರು.

ಭಾವ: ಹುದ್ದೆ ಕೇಳಲಿಲ್ಲ ಮಾವ, ಮೂಲ ಕೇಳಿದೆ.

ದೊಡ್ಡಪ್ಪ: ನಾನು ಏನು ಕಳಿಸಿದರೂ ಅಳಿಯಂದಿರಿಗೆ ಅನುಮಾನ. ಹೋದ ಸಲ ಬೆಳ್ಳುಳ್ಳಿ ವಿಷಯದಲ್ಲೂ ಹೀಗೇ ಮಾಡಿದ್ದರು.

ಅಣ್ಣ: ವಿದೇಶ ಅಂದ ಕೂಡಲೇ ಸಿಂಗಾಪುರ ಟ್ರಿಪ್ ನೆನಪಾಯಿತು. ಮೆಟ್ರೋದಲ್ಲಿ ಚಿಕ್ಕಮ್ಮ ಬೇರೆ ಸ್ಟೇಷನ್‌ನಲ್ಲಿ ಇಳಿದುಬಿಟ್ಟಿದ್ದರು! ಎಂಥ ದಿನಗಳು.

ಚಿಕ್ಕಮ್ಮ: ಇಳಿ ಅಂತ ಹೇಳಿದ್ದು ನೀನೇ ಕಣೋ.

ತಂಗಿ: ಸಿಂಗಾಪುರದ ಮಾತು ಬೇಡ ಅಣ್ಣ. ಆ ವಿಮಾನದಲ್ಲಿ ನನಗೆ ಸಿಕ್ಕಿದ್ದು ಒಣ ಬನ್ನು, ಒಂದಿಷ್ಟು ಹಣ್ಣು. ಟಿಕೆಟ್ ಮಾಡಿದ್ದು ಭಾವ.

ಭಾವ: ವೆಜ್ ಅಂತ ಹಾಕಿದ್ದೆನಲ್ಲ!

ನಾನು: ವೆಜ್ ಅಂದರೆ ಸಾಲದು ಭಾವ. ಏಷ್ಯನ್ ವೆಜಿಟೇರಿಯನ್ ಊಟದ ಕೋಡ್ ಎವಿಎಂಎಲ್. ಅದರಲ್ಲಿ ಹಾಲು, ಬೆಣ್ಣೆ ಇರಬಹುದು. ವೀಗನ್ ಊಟಕ್ಕೆ ವಿಜಿಎಂಎಲ್ ಎಂದೇ ಹಾಕಬೇಕು. ಹೊರಡುವುದಕ್ಕೆ ಸಾಮಾನ್ಯವಾಗಿ 24 ಗಂಟೆ ಮೊದಲು ಹೇಳಿರಬೇಕು, ಕೆಲವರು 48 ಗಂಟೆ ಕೇಳುತ್ತಾರೆ.

ಅಕ್ಕ: ಎಲ್ಲರೂ ಸೇರಿ ಇವರನ್ನೇ ಯಾಕೆ ಹಿಡಿದುಕೊಂಡಿದ್ದೀರಿ?

ದೊಡ್ಡಪ್ಪ: ನನ್ನ ಮಾತು ಕೇಳಿ. ಹೋದ ಕಡೆ ಕೊಟ್ಟಿದ್ದನ್ನು ಸುಮ್ನೆ ತಿನ್ನಬೇಕು. ಅನ್ನ ಹಾಕಿದವರನ್ನು ವಿಚಾರಣೆ ಮಾಡಬಾರದು. ಈ ವೀಗನ್ ಎಲ್ಲ ಈಗಿನ ಮಕ್ಕಳ ಹೊಸ ಹುಚ್ಚು.

ಭಾವ: ಇಂಗ್ಲೆಂಡಿನಲ್ಲಿ ವೀಗನ್ ಸೊಸೈಟಿ ಶುರುವಾಗಿದ್ದು 1944ರಲ್ಲಿ ಮಾವ. ನೀವು ಹುಟ್ಟುವ ಮೊದಲು.

ದೊಡ್ಡಪ್ಪ: ನನ್ನ ವಯಸ್ಸಿನ ಮಾತು ಯಾಕೆ ಬಂತು?

ನಾನು: ವಯಸ್ಸಿನ ಮಾತು ಬಿಡಿ. ಆ ಮೆಸೇಜಿನಲ್ಲಿ ಅರ್ಧ ನಿಜ ಇದೆ, ಅದನ್ನು ಯಾರೂ ನೋಡುತ್ತಿಲ್ಲ. ಜಪಾನಿನಲ್ಲಿ ಮಿಸೊ ಸೂಪು, ನೂಡಲ್ಸು, ಬೇಯಿಸಿದ ತರಕಾರಿ, ಹೆಚ್ಚಿನದಕ್ಕೆ ದಾಶಿ ಎಂಬ ತಿಳಿ ರಸ ಹಾಕುತ್ತಾರೆ. ಬೊನಿಟೊ ಮೀನನ್ನು ಹೊಗೆಯಲ್ಲಿ ಒಣಗಿಸಿ, ತೆಳ್ಳಗೆ ಹೆರೆದು, ಬಿಸಿನೀರಿಗೆ ಹಾಕಿ ಅದನ್ನು ತೆಗೆಯುತ್ತಾರೆ. ಬಟ್ಟಲಲ್ಲಿ ಮೀನು ಕಾಣುವುದಿಲ್ಲ. ಮಾಂಸ ಇದೆಯಾ ಎಂದರೆ ಇಲ್ಲ ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. ಆದ್ದರಿಂದ ದಾಶಿ ಯಾವುದರದ್ದು ಎಂದೇ ಕೇಳಬೇಕು. ಕೊಂಬು ಎಂಬ ಕಡಲಪಾಚಿಯಿಂದಲೂ ಮಾಡುತ್ತಾರೆ, ಅದಾದರೆ ಆಯಿತು. ಊಟವೇ ಸಿಗುವುದಿಲ್ಲ ಎಂಬುದು ಮಾತ್ರ ಸುಳ್ಳು. ಬೌದ್ಧ ಸನ್ಯಾಸಿಗಳ ಶೋಜಿನ್ ರ್ಯೋರಿ ಎಂಬ ಸಸ್ಯಾಹಾರಿ ಅಡುಗೆ ಶತಮಾನಗಳಿಂದ ಇದೆ. ಕೋಯಾ ಬೆಟ್ಟದ ದೇವಾಲಯಗಳಲ್ಲಿ ರಾತ್ರಿ ಉಳಿದುಕೊಂಡರೆ ಅದೇ ಊಟ, ಎಳ್ಳಿನ ತೋಫು ಸಮೇತ. ದೊಡ್ಡಪ್ಪ, ಅಷ್ಟು ದೂರ ಹೋಗಿ ಹಸಿದು ಕೂತವಳಿಗೆ ಕೊಟ್ಟಿದ್ದು ತಿನ್ನು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಕೇಳುವುದರಲ್ಲಿ ಅಗೌರವ ಏನಿದೆ?

ಅಕ್ಕ: ಅಷ್ಟೆಲ್ಲ ಯಾರು ಕೇಳುತ್ತಾ ಕೂರುತ್ತಾರೆ? ಪ್ಯಾಕೆಟ್ ತಿಂಡಿ ತಿಂದುಕೊಂಡಿರಲಿ.

ನಾನು: ಅಲ್ಲಿ ಪ್ಯಾಕೆಟ್ ಮೇಲೆ ಹಾಲು, ಮೊಟ್ಟೆ ಇದ್ದರೆ ಬರೆಯಲೇಬೇಕು ಅಕ್ಕ. ಆದರೆ ಮೀನು ಅಲರ್ಜಿ ಪದಾರ್ಥಗಳ ಆ ಕಡ್ಡಾಯದ ಪಟ್ಟಿಯಲ್ಲಿಲ್ಲ. ಚಿಪ್ಸಿನ ಮಸಾಲೆಯಲ್ಲೂ ಬೊನಿಟೊ ಇರಬಹುದು.

ಅಣ್ಣ: ಸಿಂಗಾಪುರದಲ್ಲಿ ಚಿಪ್ಸ್ ಎಷ್ಟು ತಿಂದಿದ್ದೆವು ಅಲ್ವಾ!

ತಂಗಿ: ದಾರಿಯಲ್ಲಿ ಒಂದು ದಿನ ಬ್ಯಾಂಕಾಕ್ ಇದೆ. ಅಲ್ಲಿ?

ನಾನು: ಅಲ್ಲಿ ಮೀನಿನ ಸಾಸ್ ಕಾಟ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕು. ಅದು ಜೇ ಊಟ. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ.

ದೊಡ್ಡಪ್ಪ: ಬೆಳ್ಳುಳ್ಳಿಯೂ ಇಲ್ಲವಾ? ನೋಡಿದಿರಾ ಅಳಿಯಂದಿರೇ!

ಭಾವ: ಮಾವ, ಅದಕ್ಕೂ ನಿಮ್ಮ ಹಳೇ ಮೆಸೇಜಿಗೂ ಏನು ಸಂಬಂಧ? ಪುಟ್ಟಿ, ಬುಕಿಂಗ್ ನಂಬರ್ ಕಳಿಸು, ನಾನೇ ಊಟದ ಕೋಡ್ ಹಾಕಿಬಿಡುತ್ತೇನೆ.

ತಂಗಿ: ಬೇಡ ಭಾವ, ಈಗ ತಾನೇ ಹಾಕಿದೆ. ವಿಜಿಎಂಎಲ್, ಹೋಗುವಾಗ, ಬರುವಾಗ ಎರಡಕ್ಕೂ.

ಅಕ್ಕ: ಇವರು ಸಹಾಯಕ್ಕೆ ಬಂದರೂ ತಪ್ಪಾ?