ಬೆಲ್ಲದ ಲೇಬಲ್‌ಗೆ ಕೈಬರಹದ ಥರ ಕನ್ನಡ ಫಾಂಟ್ ಬೇಕು

ಆಲೆಮನೆಯವಳು, ಪಾಂಡವಪುರ:
ನಮ್ಮದು ಸಣ್ಣ ಆಲೆಮನೆ. ಅರ್ಧ ಕೆಜಿ ಅಚ್ಚು ಬೆಲ್ಲದ ಪೊಟ್ಟಣಕ್ಕೆ ಲೇಬಲ್ ಮಾಡಿಸುತ್ತಿದ್ದೇನೆ. ಅಪ್ಪ ಡಬ್ಬದ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಹಾಗೆ ಅಕ್ಷರ ಸ್ವಲ್ಪ ಸೊಟ್ಟಗೆ, ಸಲೀಸಾಗಿ ಇರಲಿ ಅಂತ ನನ್ನಾಸೆ. ಪ್ರಿಂಟಿಂಗ್ ಅಂಗಡಿಯವರು ಇಡೀ ಲೇಬಲ್ಲನ್ನೇ ಕೈಬರಹದ ಫಾಂಟ್‌ನಲ್ಲಿ ಹಾಕಿಕೊಟ್ಟಿದ್ದಾರೆ. ವಿಳಾಸದ ‘ಪಾಂಡವಪುರ’ದಲ್ಲಿ ಪ ಯಾವುದು, ವ ಯಾವುದು ಗೊತ್ತಾಗುತ್ತಿಲ್ಲ. ಬೇರೆ ಒಳ್ಳೆ ಫಾಂಟ್ ಇದೆಯಾ?

ಬೋರ್ಡ್ ಬರೆಯುತ್ತಿದ್ದವನು, ಮಂಡ್ಯ:
ತಪ್ಪು ಫಾಂಟಿನದಲ್ಲಮ್ಮ, ಅದನ್ನು ಹಾಕಿದ ಜಾಗದ್ದು. ಪ, ವ ಬೇರೆ ಅಂತ ತಿಳಿಯುವುದು ಮೇಲಿನ ಒಂದು ಸಣ್ಣ ಸಂದಿನಿಂದ. ಕೈಬರಹದ ಫಾಂಟ್‌ನಲ್ಲಿ ಆ ಸಂದು ಮೊದಲೇ ಕಿರಿದು. ಅಕ್ಷರದ ಅಳತೆ 6-7 ಪಾಯಿಂಟ್‌ಗೆ ಇಳಿಸಿದರೆ ಶಾಯಿ ಹರಡಿ ಮುಚ್ಚಿಯೇ ಹೋಗುತ್ತದೆ. ಒತ್ತಕ್ಷರದ ಗತಿಯೂ ಅದೇ. ತೂಕ, ಬೆಲೆ, ದಿನಾಂಕ, ವಿಳಾಸ ಎಲ್ಲ ನೋಟೋ ಸಾನ್ಸ್ ಕನ್ನಡದಂಥ ಸಾದಾ ಫಾಂಟ್‌ನಲ್ಲಿರಲಿ. ಹೆಸರು ಮಾತ್ರ ಕೈಬರಹದಲ್ಲಿ, ದೊಡ್ಡದಾಗಿ. ಗೂಗಲ್ ಫಾಂಟ್ಸ್‌ನಲ್ಲಿ ‘ಹುಬ್ಬಳ್ಳಿ’ ಅಂತ ಒಂದಿದೆ, ನೋಡಿ. ಗೆರೆಯೆಲ್ಲ ಒಂದೇ ದಪ್ಪ, ಪೆನ್ನಲ್ಲಿ ಬರೆದ ಹಾಗೆ. ದುಡ್ಡು ಕೊಡಬೇಕಿಲ್ಲ, ವ್ಯಾಪಾರಕ್ಕೂ ಬಳಸಬಹುದು.

ಆದರೆ ಎರಡು ಪದಕ್ಕೆ ಫಾಂಟೇ ಯಾಕೆ? ಫಾಂಟ್‌ನಲ್ಲಿ ಎಷ್ಟು ಸಲ ‘ಲ್ಲ’ ಹೊಡೆದರೂ ಅದೇ ‘ಲ್ಲ’ ಬರುತ್ತದೆ. ಕೈ ಹಾಗೆ ಬರೆಯುವುದಿಲ್ಲ, ಅಲ್ವಾ? ಬಿಳಿ ಹಾಳೆಯಲ್ಲಿ ದಪ್ಪ ಮಾರ್ಕರ್‌ನಿಂದ ‘ಅಚ್ಚು ಬೆಲ್ಲ’ ಅಂತ ನಿಮ್ಮಪ್ಪನ ಕೈಲೇ ಹತ್ತು ಸಲ ಬರೆಸಿ. ಚೆನ್ನಾಗಿರುವುದನ್ನು ಸ್ಕ್ಯಾನ್ ಮಾಡಿ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ‘ಟ್ರೇಸ್ ಬಿಟ್‌ಮ್ಯಾಪ್’ ಕೊಡಿ, ಚಿತ್ರ ಗೆರೆಗಳಾಗಿ ಬದಲಾಗುತ್ತದೆ. ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ.

ಡಿಸೈನ್ ವಿದ್ಯಾರ್ಥಿ, ಮೈಸೂರು:
ಜಾಗದ ಮಾತು ನಿಜ. ಎಲ್ಲರೂ ಬೈಯುವ ಕಾಮಿಕ್ ಸಾನ್ಸ್ ಅನ್ನುವ ಕೈಬರಹದಂಥ ಇಂಗ್ಲಿಷ್ ಫಾಂಟ್ ಕೂಡ ಹಾಗೇ. 1994ರಲ್ಲಿ ವಿನ್ಸೆಂಟ್ ಕೊನೇರ್ ಅದನ್ನು ಮಾಡಿದ್ದು ಮೈಕ್ರೋಸಾಫ್ಟ್‌ನ ಒಂದು ಕಾರ್ಟೂನ್ ನಾಯಿಯ ಮಾತಿಗೆ. ಜನ ಅದನ್ನು ನೋಟಿಸಿಗೂ ಹಾಕಿದರು! ಇಂಗ್ಲಿಷ್ ಹೆಸರಿಗೆ ಅದನ್ನು ಆರಿಸಿದರೆ ಒಂದು ನೆನಪಿರಲಿ: ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಕಂಪ್ಯೂಟರ್ ಸುಮ್ನೆ ಬೇರೊಂದು ಫಾಂಟ್ ತುಂಬಿಸುತ್ತದೆ, ಕನ್ನಡ, ಇಂಗ್ಲಿಷ್ ಎರಡೂ ಒಂದಕ್ಕೊಂದು ಹೊಂದುವುದಿಲ್ಲ.

ಆಲೆಮನೆಯವಳು, ಪಾಂಡವಪುರ:
ಅಪ್ಪ ರಾತ್ರಿ ಊಟ ಆದಮೇಲೆ ಕೂತು ಬರೆದುಕೊಟ್ಟರು. ಏಳನೆಯದನ್ನು ಆರಿಸಿದೆ. ಅದರಲ್ಲಿ ‘ಚ್ಚು’ವಿನ ಒತ್ತು ಜಾರಿ ‘ಬೆ’ಯ ಕೆಳಗೆ ಹೋಗಿದೆ. ತಿದ್ದಲಿಲ್ಲ. ವಿಳಾಸ ನೋಟೋದಲ್ಲಿದೆ, ಪಾಂಡವಪುರ ಈಗ ಪಾಂಡವಪುರ ಅಂತಲೇ ಓದಿಸಿಕೊಳ್ಳುತ್ತದೆ.