ಮೊದಲು ಬೂ, ಆಮೇಲೆ ಚಪ್ಪಾಳೆ: ಜನ ಬೇಡ ಅಂದ ರೆಸ್ಲರ್‌ಗಳು ಗೆದ್ದದ್ದು ಹೇಗೆ?

ತುಂಗೆ_ದಂಡೆ (ತೀರ್ಥಹಳ್ಳಿ)

ಟೆನ್ ಸ್ಪೋರ್ಟ್ಸ್ ಕಾಲದಲ್ಲಿ ಟ್ರಂಪ್ ಕಾರ್ಡ್ ಕಟ್ಟು ಜೇಬಲ್ಲಿಟ್ಕೊಂಡು ಡಬ್ಲ್ಯೂಡಬ್ಲ್ಯೂಇ (ಕಥೆ, ಸೋಲು ಗೆಲುವು ಮೊದಲೇ ಬರೆದಿಟ್ಟ ಕುಸ್ತಿ ಶೋ) ನೋಡಿ, ನಡುವೆ ಬಿಟ್ಟು, ಈಗ ನೆಟ್‌ಫ್ಲಿಕ್ಸ್‌ನಲ್ಲಿ ಮತ್ತೆ ಶುರು ಮಾಡಿದವರ ಪ್ರಶ್ನೆ ಇದು. ಅವತ್ತು ಇಡೀ ಸ್ಟೇಡಿಯಂ ಸೇರಿ ಉಗಿದ ಆಸಾಮಿಗಳನ್ನೇ ಇವತ್ತು ಹೊತ್ತು ಮೆರೆಸ್ತಿದ್ದಾರೆ. ರೋಮನ್ ರೇನ್ಸ್, ಮಿಜ್, ಡಾಮಿನಿಕ್, ಕಡೆಗೆ ಜಾನ್ ಸೀನಾ ಕೂಡ.

ವಿಲನ್ ಪಾತ್ರ ಮಾಡಿ ಬೈಸಿಕೊಂಡವರ ಲೆಕ್ಕ ಬೇಡ, ಅದು ಅವರ ಕೆಲಸವೇ. ಕಂಪನಿ ಇವನೇ ಹೀರೋ ಅಂತ ಮುಂದಿಟ್ಟಾಗ ಜನ ಬೇಡ ಅಂದು, ಆಮೇಲೆ ನಿಜವಾಗಿ ಒಪ್ಪಿಕೊಂಡವರು ಯಾರು? ಯಾವ ಮ್ಯಾಚಿನಲ್ಲಿ ತಿರುಗಿತು, ಎಂತ ಬದಲಾಯ್ತು? ಶಿವಮೊಗ್ಗದಲ್ಲಿ ನಾಲ್ಕೈದು ಜನ ಸೇರಿ ಮಳೆಗಾಲದ ಭಾನುವಾರ ಹಳೆಯದು ನೋಡುವ ಯೋಚನೆ ಇದೆ. ಯಾವ ಕ್ರಮದಲ್ಲಿ ನೋಡಬೇಕು ಅಂತಲೂ ತಿಳಿದವರು ಹೇಳಿ.

ಗಾಜನೂರು_ಗೇಟು

ಮೊದಲು ಬೂ ಅನ್ನೋದರಲ್ಲೇ ಎರಡು ಜಾತಿ ಇದೆ, ಅದನ್ನು ಬಿಡಿಸ್ಕೊಳ್ಳಿ. ವಿಲನ್ ಹೊಡೆದಾಗ ಬೂ, ಅವನು ಒದೆ ತಿಂದಾಗ ಕೇಕೆ: ಇದು ಒಳ್ಳೆ ಬೂ, ಟಿಕೆಟ್ ಮಾರುವ ಬೂ. ಎರಡನೆಯದು, ಎಂಟ್ರನ್ಸ್ ಮ್ಯೂಸಿಕ್ ಬಂದ ಕೂಡಲೇ ಬೂ, ಮ್ಯಾಚ್ ಶುರುವಾದ ಮೇಲೆ ಮೌನ, ನಡುವೆ ರಿಂಗಿನಲ್ಲಿ ಇಲ್ಲದ ಬೇರೆ ಯಾರದ್ದೋ ಹೆಸರಿನ ಕೂಗು. ಹೀಗಾದರೆ ಸಿಟ್ಟು ಬರೆಯುವವರ ಮೇಲೆ, ತಿನ್ನುವವನು ಮಾತ್ರ ಕುಸ್ತಿಯವನು.

ರೋಮನ್ ರೇನ್ಸ್ ಇದಕ್ಕೆ ಅಚ್ಚುಕಟ್ಟಾದ ಉದಾಹರಣೆ. 2014ರ ರಾಯಲ್ ರಂಬಲ್ (ಮೂವತ್ತು ಜನ ಒಬ್ಬೊಬ್ಬರಾಗಿ ಬಂದು, ಕೊನೆಗೆ ಉಳಿದವನು ಗೆಲ್ಲುವ ಮ್ಯಾಚ್), ಪಿಟ್ಸ್‌ಬರ್ಗ್. ಜನಕ್ಕೆ ಬೇಕಿದ್ದದ್ದು ಡೇನಿಯಲ್ ಬ್ರಯಾನ್, ಅವನನ್ನು ಪಂದ್ಯಕ್ಕೇ ಹಾಕಿರಲಿಲ್ಲ. 30ನೇ ನಂಬರಿಗೆ ರೇ ಮಿಸ್ಟೀರಿಯೋ ಬಂದಾಗ ಆ ಪಾಪದವನಿಗೂ ಬೂ ಬಿತ್ತು. ಕೊನೆಗೆ ಉಳಿದದ್ದು ಬಟಿಸ್ಟಾ ಮತ್ತು ರೇನ್ಸ್. ಆಗ ರೇನ್ಸ್‌ಗೆ ಜೈಕಾರ! ಬಟಿಸ್ಟಾ ಗೆಲ್ಲಬಾರದು ಅಷ್ಟೇ. ಒಂದೇ ವರ್ಷ. 2015 ಜನವರಿ 25, ಫಿಲಡೆಲ್ಫಿಯಾ: ಬ್ರಯಾನ್ ಈ ಸಲ ಇದ್ದ, ಆದರೆ ಬೇಗ ಹೊರಗೆ ಬಿದ್ದ. ರೇನ್ಸ್ ಗೆದ್ದ. ದಿ ರಾಕ್ ಖುದ್ದು ಬಂದು ಕೈ ಎತ್ತಿ ಹಿಡಿದರೂ ಬೂ ನಿಲ್ಲಲಿಲ್ಲ, ರಾಕ್ ಮುಖ ನೋಡಬೇಕು.

ಹುಡುಗನಲ್ಲಿ ಎಂತ ಕೊರತೆ ಇತ್ತು? ಮೂರು. ಮೊದಲಿದ್ದ ಶೀಲ್ಡ್ ಅನ್ನೋ ಮೂವರ ತಂಡದಲ್ಲಿ ಮಾತಿನ ಕೆಲಸ ಆಂಬ್ರೋಸ್ ಮತ್ತು ರಾಲಿನ್ಸ್‌ದು, ಇವನು ಕಡಿಮೆ ಮಾತಾಡಿ ಸ್ಪಿಯರ್ (ಓಡಿ ಬಂದು ಭುಜದಿಂದ ಗುದ್ದುವ ಪಟ್ಟು) ಹೊಡೆಯುವವನು. ಒಂಟಿಯಾದ ಮೇಲೆ ಉದ್ದುದ್ದ ಪ್ರೋಮೋ (ಮೈಕ್ ಹಿಡಿದು ಆಡುವ ಮಾತು) ಬರೆದುಕೊಟ್ಟರು, ಅದರಲ್ಲಿ ಕಾರ್ಟೂನ್ ಬೆಕ್ಕಿನ ಡೈಲಾಗ್ ಬೇರೆ (ಸಫರಿನ್ ಸಕೋಟ್ಯಾಶ್ ಅಂತ ಹುಡುಕಿ, ನಿಮಗೇ ಮುಜುಗರ ಆಗ್ತದೆ). ಎರಡನೆಯದು, ತಂಡ ಒಡೆದ ಮೇಲೂ ಅದೇ ಕಪ್ಪು ವೆಸ್ಟ್, ಅದೇ ಮ್ಯೂಸಿಕ್, ಅದೇ ಜನರ ನಡುವಿನಿಂದ ಬರುವ ಎಂಟ್ರಿ. ಮೂರನೆಯದು, ಸೋತು ಕಲಿಯುವ ಅವಕಾಶ ಕೊಡದೆ ವರ್ಷದ ಅತಿ ದೊಡ್ಡ ಶೋ ರೆಸಲ್‌ಮೇನಿಯಾ 31ರಿಂದ 34ರವರೆಗೆ ಸಾಲಾಗಿ ಕೊನೇ ಮ್ಯಾಚ್ ಅವನದ್ದೇ. 33ರಲ್ಲಿ ಅಂಡರ್‌ಟೇಕರ್‌ನ ಸೋಲಿಸಿದ ಮರುದಿನ, 2017 ಏಪ್ರಿಲ್ 3ರ ರಾ ಅನ್ನೋ ವಾರದ ಟಿವಿ ಶೋದಲ್ಲಿ ಅವನಿಗೆ ಬಾಯಿ ತೆಗೆಯಲು ಬಿಡದೆ ಹತ್ತಿರ ಹತ್ತಿರ ಹತ್ತು ನಿಮಿಷ ಬೈದರು. ಅವನು ಅಲುಗಾಡದೆ ನಿಂತು, ಇನ್ನು ಇದು ನನ್ನ ಅಂಗಳ ಅನ್ನೋ ಅರ್ಥದ ಒಂದೇ ವಾಕ್ಯ ಹೇಳಿ ಹೋದ. ಹಿಂದಿರುಗಿ ನೋಡಿದರೆ ಮುಂದಿನ ರೇನ್ಸ್ ಅಲ್ಲೇ ಇದ್ದ. ಕಂಪನಿಗೆ ಕಾಣಲು ಇನ್ನೂ ಮೂರು ವರ್ಷ ಹಿಡಿಯಿತು.

ಸಾಗರ_ಸ್ಲ್ಯಾಮ್

ಇದೆಲ್ಲ ಸರಿ ಅಣ್ಣ, ಆದ್ರೆ ಜನ ತಿರುಗಿದ್ದು ಕಾಯಿಲೆ ಸುದ್ದಿ ಬಂದ ಮೇಲಲ್ವಾ? 2018 ಅಕ್ಟೋಬರ್‌ನಲ್ಲಿ ಲುಕೇಮಿಯಾ ಅಂತ ಚಾಂಪಿಯನ್ ಬೆಲ್ಟ್ ಕೆಳಗಿಟ್ಟಾಗಲೇ ಬೂ ನಿಂತಿತ್ತು. ಅದು ಕನಿಕರ, ಮೆಚ್ಚುಗೆ ಅಲ್ಲ.

ಗಾಜನೂರು_ಗೇಟು

ಬೂ ನಿಂತಿತು, ಒಪ್ಪಿದೆ. ಆದರೆ ಬೂ ನಿಲ್ಲುವುದು ಬೇರೆ, ಟಿಕೆಟ್ ತಗೊಂಡು ಬರುವುದು ಬೇರೆ. 2019 ಫೆಬ್ರವರಿಯಲ್ಲಿ ವಾಪಸ್ ಬಂದಾಗ ಭರ್ಜರಿ ಸ್ವಾಗತ, ಆದರೆ ವರ್ಷದ ಕೊನೆಗೆ ಅದೇ ಮನುಷ್ಯ ಬ್ಯಾರನ್ ಕಾರ್ಬಿನ್ ಕೈಲಿ ಮೈಮೇಲೆ ನಾಯಿ ಊಟ ಸುರಿಸಿಕೊಳ್ಳುವ ಕಥೆಯಲ್ಲಿದ್ದ. ಕನಿಕರದ ಆಯಸ್ಸು ಅಷ್ಟೇ.

ನಿಜವಾದ ತಿರುವು 2020 ಆಗಸ್ಟ್ 23ರ ಸಮ್ಮರ್‌ಸ್ಲ್ಯಾಮ್ ಶೋದ ಕೊನೆ, ರೇನ್ಸ್ ವಿಲನ್ ಆಗಿ ಬಂದ. ವೆಸ್ಟ್ ಹೋಯ್ತು. 28ರ ಸ್ಮ್ಯಾಕ್‌ಡೌನ್‌ನಲ್ಲಿ (ಇನ್ನೊಂದು ವಾರದ ಶೋ) ಪಕ್ಕದಲ್ಲಿ ಮಾತಿನ ಮ್ಯಾನೇಜರ್ ಪಾಲ್ ಹೇಮನ್ ಕೂತ, ಅಂದರೆ ಉದ್ದ ಮಾತಿನ ಹೊರೆ ಇಳಿಯಿತು. 30ಕ್ಕೆ ಪೇಬ್ಯಾಕ್‌ನಲ್ಲಿ ಬೆಲ್ಟ್. ಮ್ಯಾಚಿನ ವೇಗ ಅರ್ಧಕ್ಕಿಳಿಸಿ, ಹೊಡೆತಗಳ ನಡುವೆ ಎದುರಾಳಿ ಜೊತೆ ಮಾತಾಡುವ ಶೈಲಿ ಬಂತು, ಗಿಲೊಟೀನ್ ಹಿಡಿತ ಸೇರಿತು. ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಸ್ವಂತ ಬಳಗದ ಜೇ ಊಸೋ ಜೊತೆ ಎರಡು ಮ್ಯಾಚ್. ಮನೆಯ ಹಿರಿಯ ನಾನು, ತಲೆ ಬಾಗು ಅನ್ನೋ ಜಗಳ. ಅದು ನಮ್ಮೂರಿನ ಯಾವ ಕೂಡು ಕುಟುಂಬದವರಿಗೂ ವಿವರಿಸಬೇಕಿಲ್ಲ.

ಇನ್ನೊಂದು ಕಾರಣ ಯಾರೂ ಎಣಿಸುವುದಿಲ್ಲ. ಆಗ ಕೋವಿಡ್, ಥಂಡರ್‌ಡೋಮ್, ಸುತ್ತ ಎಲ್‌ಇಡಿ ಪರದೆ. ಸ್ಟೇಡಿಯಂ ಖಾಲಿ ಇದ್ದದ್ದರಿಂದ ಹೊಸ ಪಾತ್ರ ಅರ್ಧಕ್ಕೆ ಹಳಿ ತಪ್ಪಲಿಲ್ಲ. 2021 ಜುಲೈ 16ಕ್ಕೆ ಹ್ಯೂಸ್ಟನ್‌ನಲ್ಲಿ ಜನ ಮರಳಿದಾಗ ಪಾತ್ರ ಬೆಂದು ಹದಕ್ಕೆ ಬಂದಿತ್ತು. ಬೆಲ್ಟ್ 1316 ದಿನ ಇಟ್ಟುಕೊಂಡು 2024 ಏಪ್ರಿಲ್ 7ಕ್ಕೆ ಕೋಡಿ ರೋಡ್ಸ್‌ಗೆ ಬಿಟ್ಟ. ಕೊನೇ ವರ್ಷ ಎಳೆದರು ಅನ್ನೋದು ನನ್ನ ಅಭಿಪ್ರಾಯ, ಜಗಳ ಬೇಡ.

ಹಳೇ_ಆಟಿಟ್ಯೂಡ್ (ಭದ್ರಾವತಿ)

ಈ ದಾರಿ ಮೊದಲು ಹಾಕಿದ್ದು ದಿ ರಾಕ್. 1996ರ ಸರ್ವೈವರ್ ಸೀರೀಸ್, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ರಾಕಿ ಮೈವಿಯಾ ಅಂತ ಹೆಸರು, ಅಪ್ಪ ರಾಕಿ ಜಾನ್ಸನ್‌ದು ಅರ್ಧ, ಅಜ್ಜ ಪೀಟರ್ ಮೈವಿಯಾದು ಅರ್ಧ. ಸದಾ ನಗು, ಮೈತುಂಬ ನೀಲಿ ರಿಬ್ಬನ್. ಮೊದಲ ರಾತ್ರಿಯೇ ತಂಡದಲ್ಲಿ ಕೊನೆಗುಳಿದು ಗೆದ್ದ, ಮೂರೇ ತಿಂಗಳಿಗೆ (1997 ಫೆಬ್ರವರಿ 13) ಟ್ರಿಪಲ್ ಎಚ್ ಕೈಯಿಂದ ಇಂಟರ್‌ಕಾಂಟಿನೆಂಟಲ್ ಬೆಲ್ಟ್. ಜನ "ಡೈ ರಾಕಿ ಡೈ" ಅಂತ ಕೂಗಿದರು. ಒಳ್ಳೆ ಹುಡುಗ ಅನ್ನೋದೇ ತಪ್ಪಾಗಿತ್ತು, ಎಂತಕ್ಕೆಂದರೆ ಅದೇ ಹೊತ್ತಿಗೆ ಸ್ಟೋನ್ ಕೋಲ್ಡ್ ಬೆಳೀತಾ ಇದ್ದ. ರೆಸಲ್‌ಮೇನಿಯಾ 13 ಒಂದೇ ಸಾಕು: ಅದರಲ್ಲಿ ಬ್ರೆಟ್ ಹಾರ್ಟ್‌ನ ಶಾರ್ಪ್‌ಶೂಟರ್ ಹಿಡಿತದಲ್ಲಿ ಮುಖ ತುಂಬ ರಕ್ತ, ಆದರೂ ಟ್ಯಾಪ್ ಮಾಡದ (ಸೋಲೊಪ್ಪದ) ಸ್ಟೋನ್ ಕೋಲ್ಡ್ ಆಸ್ಟಿನ್ ಎದ್ದು ನಿಲ್ಲುವಾಗ ಹೀರೋ. ಅದೇ ಶೋದಲ್ಲಿ ರಾಕಿ ಸುಲ್ತಾನ್ ಎದುರು ಗೆದ್ದ, ಯಾರಿಗೂ ಬೇಡ.

ಗಾಯ ಆಗಿ ಕೂತ. ಆಗಸ್ಟ್‌ನಲ್ಲಿ ವಾಪಸ್ ಬಂದು ನೇಷನ್ ಆಫ್ ಡಾಮಿನೇಷನ್ ಅನ್ನೋ ವಿಲನ್ ತಂಡ ಸೇರಿದ. ಮೈಕ್ ಸಿಕ್ಕಾಗ ಜನರ ಆ ಕೂಗನ್ನೇ ಎತ್ತಿಕೊಂಡು, ನೀವು ಹೀಗೆ ಕೂಗಿದಿರಿ, ಅದಕ್ಕೇ ಹೀಗಾದೆ ಅಂದ. ರಿಬ್ಬನ್, ನಗು ಎರಡೂ ಹೋದವು, ತನ್ನನ್ನೇ ಬೇರೆಯವನ ಹಾಗೆ ಹೆಸರು ಹಿಡಿದು ಕರೆದುಕೊಳ್ಳೋ ರೂಢಿ ಬಂತು. 1998ರ ಹೊತ್ತಿಗೆ ವಿಲನ್ ಆಗಿದ್ದುಕೊಂಡೇ ಚಪ್ಪಾಳೆ. ಯಕ್ಷಗಾನದಲ್ಲಿ ರಾಕ್ಷಸ ವೇಷ ರಂಗಕ್ಕೆ ಬರುವಾಗ ಸಿಳ್ಳೆ ಬೀಳ್ತದಲ್ಲ, ಹಾಗೆ.

ಕೊಪ್ಪದ_ಕಾರ್ನರ್

ನ್ಯೂ ಡೇ ಮರೆತ್ರಾ? 2014 ಕೊನೆಗೆ ಚಪ್ಪಾಳೆ ತಟ್ಟಿ ಒಳ್ಳೇದು ಬೋಧಿಸೋ ಮೂವರು. ಆ ಚಪ್ಪಾಳೆ ತಾಳಕ್ಕೆ "ನ್ಯೂ ಡೇ ಸಕ್ಸ್" ಸರಿಯಾಗಿ ಕೂರ್ತದೆ ಅಂತ ಜನ ಕಂಡುಕೊಂಡರು. 2015 ಏಪ್ರಿಲ್‌ನಲ್ಲಿ ವಿಲನ್ ಮಾಡಿದರು, ಆದರೆ ಬೋಧನೆ ಬಿಡಲಿಲ್ಲ, ಅದನ್ನೇ ಅತಿ ಮಾಡಿದರು, ಟ್ರಾಂಬೋನ್ ಬೇರೆ ತಂದರು. ವರ್ಷ ಮುಗಿಯೋದ್ರೊಳಗೆ ಜನ ಅವರ ಜೊತೆ ಕುಣೀತಿದ್ದರು. 483 ದಿನ ಟ್ಯಾಗ್ (ಜೋಡಿ ತಂಡದ) ಬೆಲ್ಟ್, ಡಿಮಾಲಿಷನ್ ತಂಡದ 478ರ ದಾಖಲೆ ಮುರೀತು.

ಮಿಜ್ ಕಥೆ ನಿಧಾನದ್ದು. ರಿಯಾಲಿಟಿ ಶೋದಿಂದ ಬಂದವನು ಅನ್ನೋ ಅಸಡ್ಡೆ, 2011ರ ರೆಸಲ್‌ಮೇನಿಯಾದಲ್ಲಿ ಕೊನೇ ಮ್ಯಾಚ್ ಆಡಿ ಸೀನಾ ಎದುರು ಗೆದ್ದರೂ ಹೋಗಲಿಲ್ಲ. 2016 ಆಗಸ್ಟ್‌ನ ಟಾಕಿಂಗ್ ಸ್ಮ್ಯಾಕ್ ಅನ್ನೋ ಹರಟೆ ಕಾರ್ಯಕ್ರಮದಲ್ಲಿ ಡೇನಿಯಲ್ ಬ್ರಯಾನ್ ಇವನ ಆಟ ಹೇಡಿಯದ್ದು ಅಂದ. ಬ್ರಯಾನ್ ಆಗ ಗಾಯದಿಂದ ನಿವೃತ್ತ. ಮಿಜ್ ಎದ್ದು ನಿಂತು, ಇಷ್ಟು ವರ್ಷ ಗಾಯ ಮಾಡಿಕೊಳ್ಳದೆ ದಿನಾ ಕೆಲಸಕ್ಕೆ ಬಂದದ್ದೇ ನನ್ನ ಶಕ್ತಿ ಅನ್ನೋ ಧಾಟಿಯಲ್ಲಿ ಬೆವರಿಳಿಸಿದ, ಬ್ರಯಾನ್ ಎದ್ದು ಹೋದ. ಮಿಜ್ ಬಗ್ಗೆ ಜನ ಹೇಳ್ತಿದ್ದ ದೂರನ್ನೇ ಅವನು ತನ್ನ ಪರ ವಾದ ಮಾಡಿದ್ದು ಗಮನಿಸಿ. ಕೂಡಲೇ ಅಕ್ಟೋಬರ್ 9ರ ನೋ ಮರ್ಸಿಯಲ್ಲಿ ಡಾಲ್ಫ್ ಝಿಗ್ಲರ್ ಜೊತೆ ಮ್ಯಾಚ್, ಮಿಜ್‌ನ ಬೆಲ್ಟ್‌ಗೆ ಝಿಗ್ಲರ್ ತನ್ನ ವೃತ್ತಿಯನ್ನೇ ಪಣ ಇಟ್ಟಿದ್ದ. ಮಿಜ್ ಸೋತ, ಆದರೆ ಒಳ್ಳೆ ಮ್ಯಾಚ್ ಕೊಟ್ಟ. ಬರೀ ಮಾತಾಗಿದ್ರೆ ಒಂದು ವಾರಕ್ಕೆ ಮರೀತಿದ್ರು.

ತುಂಗೆ_ದಂಡೆ (ತೀರ್ಥಹಳ್ಳಿ)

ಉಪಕಾರ. ಹಾಗಾದರೆ ಪಂಜಾಬಿ ಮೂಲದ ಜಿಂದರ್ ಮಹಲ್ ಯಾಕೆ ಗೆಲ್ಲಲಿಲ್ಲ? ಅವನಿಗೂ ಬೂ ಬಿತ್ತು, ಬೆಲ್ಟೂ ಸಿಕ್ತು. ಖಲಿಯನ್ನು ಇದಕ್ಕೆ ಸೇರಿಸಬಹುದಾ?

ಗಾಜನೂರು_ಗೇಟು

ಖಲಿ ಸೇರಲ್ಲ ಮಾರಾಯ್ರೆ. 2006ರಲ್ಲಿ ಬಂದದ್ದೇ ಅಂಡರ್‌ಟೇಕರ್‌ನ ಹೊಡೆಯುವ ರಾಕ್ಷಸನಾಗಿ, ಅಲ್ಲಿ ಬೂ ಬೀಳಬೇಕಿತ್ತು, ಬಿತ್ತು. ನಮ್ಮಲ್ಲಂತೂ ಮೊದಲ ದಿನದಿಂದ ಅವನು ನಮ್ಮವನು. ಆಮೇಲೆ ಕಿಸ್ ಕ್ಯಾಮ್ ತಮಾಷೆಗೆ ಇಳಿಸಿದರು, ನಡಿಗೆಯೇ ಕಷ್ಟ ಆಗಿದ್ದ ದೊಡ್ಡ ದೇಹಕ್ಕೆ ಅದು ಜಾಣ ಉಪಾಯ.

ಜಿಂದರ್ 2017 ಏಪ್ರಿಲ್‌ವರೆಗೆ ಟಿವಿಯಲ್ಲಿ ಸೋಲುವ ಕೆಲಸದವನು. ಒಂದು ಆರು ಜನರ ಮ್ಯಾಚ್ ಗೆಲ್ಲಿಸಿ, ತಿಂಗಳು ಕಳೆದ ಕೂಡಲೇ ಮೇ 21ಕ್ಕೆ ರ‍್ಯಾಂಡಿ ಆರ್ಟನ್ ಕೈಯಿಂದ ದೊಡ್ಡ ಬೆಲ್ಟ್ ಕೊಡಿಸಿದರು. 170 ದಿನ ಇತ್ತು. ತೊಂದರೆ ಎಂತ ಅಂದರೆ ಪ್ರತಿ ಮ್ಯಾಚ್ ಒಂದೇ ಅಚ್ಚು: ಸಿಂಗ್ ಸಹೋದರರು ನಡುವೆ ಬಂದು ಪೆಟ್ಟು ತಿನ್ನೋದು, ಇವನು ಹಿಂದಿನಿಂದ ಖಲ್ಲಾಸ್ ಅನ್ನೋ ತನ್ನ ಕೊನೇ ಪಟ್ಟು ಹಾಕೋದು. ಮೇಲೆ ಹೇಳಿದವರಿಗೆಲ್ಲ ಸಿಕ್ಕಿದ ಪಾತ್ರದ ತಿರುವು ಅವನಿಗೆ ಬರೆಯಲೇ ಇಲ್ಲ, ವಿದೇಶಿ ವಿಲನ್ ಅನ್ನೋ ಐವತ್ತು ವರ್ಷದ ಹಳೇ ಅಂಗಿ ತೊಡಿಸಿದರು. ನವೆಂಬರ್ 7, ಮ್ಯಾಂಚೆಸ್ಟರ್‌ನಲ್ಲಿ ಎಜೆ ಸ್ಟೈಲ್ಸ್‌ಗೆ ಸೋತಾಗ ಅಲ್ಲಿನ ಜನ ಹಬ್ಬ ಮಾಡಿದರು.

ಸಾಗರ_ಸ್ಲ್ಯಾಮ್

ಸೀನಾ ಬಗ್ಗೆ ಯಾರೂ ಬರೀಲಿಲ್ಲ. ಅವನು ಮೇಲಿನ ಲೆಕ್ಕಕ್ಕೆ ಸಿಗಲ್ಲ. 2006 ಜೂನ್ 11, ಒನ್ ನೈಟ್ ಸ್ಟ್ಯಾಂಡ್: ಎಸೆದ ಟೀ ಶರ್ಟನ್ನು ಜನ ಮತ್ತೆ ಮತ್ತೆ ವಾಪಸ್ ರಿಂಗಿಗೇ ಎಸೆದರು. ಆದರೂ ಕಂಪನಿ ಅವನನ್ನು ವಿಲನ್ ಮಾಡಲಿಲ್ಲ, ಅವನೂ ಬದಲಾಗಲಿಲ್ಲ. ಮನಸ್ಸು ಕರಗಿದ್ದು 2015ರಲ್ಲಿ. ರೆಸಲ್‌ಮೇನಿಯಾ 31ರಲ್ಲಿ ರೂಸೆವ್ ಕೈಯಿಂದ ಯುಎಸ್ ಬೆಲ್ಟ್ ಗೆದ್ದು, ರಾದಲ್ಲಿ ಯಾರು ಬೇಕಾದರೂ ಬನ್ನಿ ಅಂತ ಓಪನ್ ಚಾಲೆಂಜ್. ಮೇ 4ರ ಮಾಂಟ್ರಿಯಲ್‌ನಲ್ಲಿ ಬ್ರೆಟ್ ಹಾರ್ಟ್ ಸಾಮಿ ಝೇನ್‌ನ ಕರೆತಂದ, ಹೊಸ ಹುಡುಗ ಸೋತರೂ ದೊಡ್ಡವನಾದ. ತಿಂಗಳ ಕೊನೆಗೆ ಕೆವಿನ್ ಓವನ್ಸ್‌ಗೆ ಸೀನಾ ನೇರ ಸೋತ. ಅಲ್ಲಿಯವರೆಗೆ ಅವನ ಮೇಲಿದ್ದ ದೂರೇ ಹೊಸಬರನ್ನು ಬೆಳೆಯಲು ಬಿಡಲ್ಲ ಅಂತ.

ಅದಕ್ಕೇ 2025 ಮಾರ್ಚ್‌ನಲ್ಲಿ ಟೊರಾಂಟೋದಲ್ಲಿ ವಿಲನ್ ಮಾಡಿದ್ದು ತಡವಾಯ್ತು. ಜನ ಅಷ್ಟರಲ್ಲಿ ಅವನನ್ನು ಬೀಳ್ಕೊಡಲು ಬಂದಿದ್ದರು, ಬೈಯಲು ಅಲ್ಲ. ಆಗಸ್ಟ್‌ನೊಳಗೆ ವಾಪಸ್ ಹೀರೋ. ಡಿಸೆಂಬರ್ 13ಕ್ಕೆ ಗುಂಥರ್‌ಗೆ ಟ್ಯಾಪ್ ಮಾಡಿ ಮುಗಿಸಿದಾಗ ಬೂ ಬಿದ್ದದ್ದು ಆ ತೀರ್ಮಾನ ಮಾಡಿದವರಿಗೆ.

ಕೊಪ್ಪದ_ಕಾರ್ನರ್

ನೋಡೋ ಕ್ರಮ ಕೇಳಿದ್ದಿರಿ. ಮೊದಲ ಭಾನುವಾರ ರೆಸಲ್‌ಮೇನಿಯಾ 13: ರಾಕಿ ಮ್ಯಾಚ್, ನಂತರ ಬ್ರೆಟ್ ಮತ್ತು ಆಸ್ಟಿನ್. ಎರಡನೆಯದು ರಂಬಲ್ 2014ರ ಕೊನೇ ಭಾಗ, ಅದರ ಬೆನ್ನಿಗೇ ರಂಬಲ್ 2015ರ ಕೊನೇ ಭಾಗ, ಬಿಡುವು ಕೊಡದೆ. ಆಮೇಲೆ 2017ರ ಆ ರಾ ತುಣುಕು, ಸಮ್ಮರ್‌ಸ್ಲ್ಯಾಮ್ 2020ರ ಅಂತ್ಯ, ಜೇ ಊಸೋ ಜೊತೆಗಿನ ಎರಡು ಮ್ಯಾಚ್. ಟಾಕಿಂಗ್ ಸ್ಮ್ಯಾಕ್ ತುಣುಕು ಯೂಟ್ಯೂಬ್‌ನಲ್ಲಿದೆ, ಮ್ಯಾಚ್‌ಗಳ ನಡುವೆ ಹಾಕಿ. ಕೊನೆಗೆ ರೇ ಮಿಸ್ಟೀರಿಯೋ ಮಗ ಡಾಮಿನಿಕ್: ಸಮ್ಮರ್‌ಸ್ಲ್ಯಾಮ್ 2020ರಲ್ಲೇ ಅವನ ಮೊದಲ ಮ್ಯಾಚ್ ಇದೆ, ಅಪ್ಪನ ಮಗ ಅನ್ನೋ ಮರ್ಯಾದೆ ಬಿಟ್ಟರೆ ಬೇರೇನಿಲ್ಲ. 2022 ಸೆಪ್ಟೆಂಬರ್, ಕಾರ್ಡಿಫ್‌ನಲ್ಲಿ ಅಪ್ಪನಿಗೇ ಹೊಡೆದ. 2023ರಲ್ಲಿ ಮೈಕ್ ಎತ್ತಿದರೆ ಒಂದು ಪದ ಕೇಳದಷ್ಟು ಬೂ. 2025ರ ರೆಸಲ್‌ಮೇನಿಯಾ 41ರ ನಾಲ್ವರ ಮ್ಯಾಚ್‌ನಲ್ಲಿ ಫ್ರಾಗ್ ಸ್ಪ್ಲ್ಯಾಶ್ ಹಾಕಿ ಬೆಲ್ಟ್ ಗೆದ್ದಾಗ ಕಿವಿಗಡಚಿಕ್ಕುವ ಜೈಕಾರ.

ಸದ್ದಿನ ವಿಷಯದಲ್ಲಿ ಎಚ್ಚರಿಕೆ. ಥಂಡರ್‌ಡೋಮ್ ಕಾಲದ ಜನರ ಸದ್ದು ಬಹುಪಾಲು ಮೇಲಿನಿಂದ ಹಾಕಿದ್ದು. 2016 ಜುಲೈಗೆ ಮೊದಲಿನ ಸ್ಮ್ಯಾಕ್‌ಡೌನ್ ಸಾಮಾನ್ಯವಾಗಿ ಮುಂಚೆ ರೆಕಾರ್ಡ್ ಮಾಡಿ ಹಾಕುತ್ತಿದ್ದದ್ದು, ಬೂ ತಗ್ಗಿಸಿ ಚಪ್ಪಾಳೆ ಏರಿಸಲು ಅವರಿಗೆ ಸಮಯ ಇತ್ತು. ಜನ ನಿಜವಾಗಿ ಎಂತ ಅಂದರು ಅಂತ ತಿಳಿಯಲು ಲೈವ್ ರಾ ಮತ್ತು ದೊಡ್ಡ ಶೋಗಳನ್ನೇ ನಂಬಿ. ಮಾಡಿಗೆ ಮಳೆ ಹೊಡೆಯುವಾಗ ಟಿವಿ ಸ್ಪೀಕರ್‌ನಲ್ಲಿ ಬೂ ಯಾವುದು ಜೈಕಾರ ಯಾವುದು ಗೊತ್ತಾಗಲ್ಲ, ಒಂದು ಒಳ್ಳೆ ಬ್ಲೂಟೂತ್ ಸ್ಪೀಕರ್ ತಂದಿಟ್ಕೊಳ್ಳಿ.

ತುಂಗೆ_ದಂಡೆ (ತೀರ್ಥಹಳ್ಳಿ)

ಸ್ಪೀಕರ್ ಆಯ್ತು. ಬಟಿಸ್ಟಾ ಒಬ್ಬ ಉಳಿದ. 2014ರ ಬೂ ಆದಮೇಲೆ ಅವನ ಕಥೆ ಎಂತಾಯ್ತು?

ಹಳೇ_ಆಟಿಟ್ಯೂಡ್ (ಭದ್ರಾವತಿ)

ಆ ರೆಸಲ್‌ಮೇನಿಯಾದಲ್ಲಿ ಬ್ರಯಾನ್‌ಗೆ ಟ್ಯಾಪ್ ಮಾಡಿದ. ಆಮೇಲೆ ಟ್ರಿಪಲ್ ಎಚ್, ಆರ್ಟನ್ ಜೊತೆ ಎವಲ್ಯೂಷನ್ ತಂಡ ಸೇರಿ ನೀಲಿ ಬಟ್ಟೆಯ ವಿಲನ್. ಶೀಲ್ಡ್ ಎದುರು ಮೇ 4ಕ್ಕೂ ಜೂನ್ 1ಕ್ಕೂ ಸೋತು, ಮರುದಿನ ರಾದಲ್ಲಿ ಸಿಟ್ಟು ಮಾಡ್ಕೊಂಡು ಕೆಲಸ ಬಿಟ್ಟು ಹೋದ. ಆ ನಾಲ್ಕು ತಿಂಗಳಲ್ಲಿ ಅವನು ಮಾಡಿದ ಅತಿ ಒಳ್ಳೆ ಕೆಲಸ ಆ ಕೊನೇ ಎರಡು ಮ್ಯಾಚ್. ಅದನ್ನೂ ಪಟ್ಟಿಗೆ ಹಾಕಿ, ಶೀಲ್ಡ್ ಕಾಲದ ರೇನ್ಸ್ ಹೇಗಿದ್ದ ಅಂತಲೂ ಕಾಣ್ತದೆ.