ಬಾಳೆಹೊನ್ನೂರು ದಾರಿಗೆ ರನ್‌ಫ್ಲಾಟ್ ಬೇಕಾ, ಮಾಮೂಲಿ ಟೈರ್ ಸಾಕಾ?

(ಈ ವಾರ ಗುಂಪಿನಲ್ಲಿ ಉತ್ತರಿಸುತ್ತಿರುವವರು ಚಿಕ್ಕಮಗಳೂರಿನಲ್ಲಿ ಟೈರ್ ಅಂಗಡಿ ನಡೆಸುವವರು.)

ಪ್ರಶ್ನೆ: ನಮಸ್ಕಾರ ಸರ್. ಅಣ್ಣ ಬೆಂಗಳೂರಿನಲ್ಲಿ ಓಡಿಸುತ್ತಿದ್ದ ಬಿಎಂಡಬ್ಲ್ಯು 3 ಸೀರೀಸ್ ಈಗ ನನ್ನ ಹತ್ತಿರ ಇದೆ. ನಾಲ್ಕೂ ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ) ಟೈರ್, ಸ್ಟೆಪ್ನಿ ಇಲ್ಲ. ಎಲ್ಲಾ ಸವೆದಿವೆ. ಎಡಗಡೆ ಮುಂದಿನ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬಿದೆ. ಹೊಸ ರನ್‌ಫ್ಲಾಟ್ ಬೆಲೆ ಕೇಳಿ ಗಾಬರಿಯಾಯಿತು. ಮಾಮೂಲಿ ಟ್ಯೂಬ್‌ಲೆಸ್ ಹಾಕಬಹುದಾ? ಮುಂದಿನ ಎರಡು ಮಾತ್ರ ಬದಲಿಸಿದರೆ ಸಾಕಾ? ಮನೆ ಬಾಳೆಹೊನ್ನೂರು ಕಡೆ, ಕೆಲಸ ಚಿಕ್ಕಮಗಳೂರಿನಲ್ಲಿ.

ಉತ್ತರ: ಮೇಡಂ, ಮೊದಲು ಆ ಉಬ್ಬಿನ ವಿಷಯ. ಇವತ್ತಿಂದಲೇ ಕಾರು ನಿಲ್ಲಿಸಿ. ಟೈರ್ ಗುಂಡಿಯ ಅಂಚಿಗೆ ಜೋರಾಗಿ ಬಡಿದಾಗ ಒಳಗಿನ ದಾರದ ಪದರ ಕಡಿದುಹೋಗುತ್ತದೆ. ಆಮೇಲೆ ಗಾಳಿಯನ್ನು ಹಿಡಿದಿಟ್ಟಿರುವುದು ಮೇಲಿನ ರಬ್ಬರ್ ಒಂದೇ. ಅದು ಯಾವಾಗ ಬೇಕಾದರೂ ಒಡೆಯಬಹುದು. ರನ್‌ಫ್ಲಾಟ್ ಆಗಲಿ, ಮಾಮೂಲಿ ಆಗಲಿ, ಉಬ್ಬಿಗೆ ರಿಪೇರಿ ಇಲ್ಲ. ಯಾರಾದರೂ ಪ್ಯಾಚ್ ಹಾಕಿ ಕೊಡ್ತೀನಿ ಅಂದರೆ ಒಪ್ಪಬೇಡಿ.

ಇನ್ನು ನಿಮ್ಮ ಪ್ರಶ್ನೆ. ಮಾಮೂಲಿ ಟೈರಿನ ಗಾಳಿ ಪೂರ್ತಿ ಹೋದರೆ ಅದರ ಪಕ್ಕದ ಗೋಡೆ ಮಡಚಿಕೊಂಡು ರಿಮ್ಮಿನ ಕೆಳಗೆ ಸಿಕ್ಕಿ ಅರೆದುಹೋಗುತ್ತದೆ. ಒಂದೆರಡು ಕಿಲೋಮೀಟರ್ ಓಡಿಸಿದರೂ ಟೈರ್ ಮುಗಿಯಿತು. ರನ್‌ಫ್ಲಾಟ್‌ನಲ್ಲಿ ಆ ಗೋಡೆಯೇ ದಪ್ಪ, ಗಟ್ಟಿ. ಗಾಳಿ ಇಲ್ಲದೆಯೂ ಕಾರಿನ ಭಾರ ಹೊರುತ್ತದೆ. ಸಾಮಾನ್ಯವಾಗಿ ಕಂಪನಿಗಳು ಹೇಳುವ ಲೆಕ್ಕ, ಗಂಟೆಗೆ 80 ಕಿಲೋಮೀಟರ್ ಮೀರದ ವೇಗದಲ್ಲಿ ಸುಮಾರು 80 ಕಿಲೋಮೀಟರ್ ದೂರ. ತುಂಬಾ ಜನ ಕೂತಿದ್ದರೆ, ಬಿಸಿಲು ಜಾಸ್ತಿ ಇದ್ದರೆ, ತಿರುವು ಹೆಚ್ಚಿದ್ದರೆ ಅಷ್ಟು ದೂರ ಬರುವುದಿಲ್ಲ.

ಆ ಗಟ್ಟಿತನವೇ ನಮ್ಮ ರಸ್ತೆಯಲ್ಲಿ ಕಷ್ಟ ಕೂಡ. ಕುಲುಕಾಟ ಜಾಸ್ತಿ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಅಂಚು ಕಾಣುವುದೇ ಇಲ್ಲ. ಅದಕ್ಕೆ ಬಡಿದರೆ ಪೆಟ್ಟು ನೇರವಾಗಿ ರಿಮ್ಮಿಗೆ ಹೋಗುತ್ತದೆ. ಮೊಳೆ ಚುಚ್ಚಿದರೆ ರನ್‌ಫ್ಲಾಟ್ ಕಾಪಾಡುತ್ತದೆ. ಕಲ್ಲಿಗೆ ಪಕ್ಕ ಸೀಳಿದರೆ ಅದನ್ನೂ ನಂಬುವಂತಿಲ್ಲ. ನಾಳೆ ಬೆಳಗ್ಗೆಯೇ ಅದೇ ಸೈಜಿನದು ಬೇಕು ಅಂದರೆ ಇಲ್ಲಿ ಸಿಗುವುದೂ ಕಷ್ಟ. ನಾವೇ ಬೆಂಗಳೂರಿನಿಂದ ತರಿಸಬೇಕು.

ಹಾಗಾಗಿ ಹೆಚ್ಚಿನವರಿಗೆ ನಾನು ಹೇಳುವುದು ಇಷ್ಟೇ. ಮಾಮೂಲಿ ಟೈರ್ ಹಾಕಿ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡಿ. ಹಾಕಿದರೆ ನಾಲ್ಕೂ ಒಂದೇ ಜಾತಿ. ಮುಂದೆ ಒಂದು ಥರ, ಹಿಂದೆ ಒಂದು ಥರ ಆದರೆ ತಿರುವಿನಲ್ಲಿ ಎರಡೂ ಒಂದೇ ರೀತಿ ಬಾಗುವುದಿಲ್ಲ, ಹಿಡಿತ ಏರುಪೇರಾಗುತ್ತದೆ. ಆದರೆ ನಿಮಗೆ ಇದೇ ಸರಿ ಅನ್ನುವ ಮುಂಚೆ ಒಂದು ಮಾತು ಗೊತ್ತಾಗಬೇಕು. ಕಾರು ಓಡಿಸುವುದು ಯಾರು, ಯಾವ ಹೊತ್ತಿಗೆ?

ಪ್ರಶ್ನೆ: ನಾನೇ ಸರ್, ಒಬ್ಬಳೇ. ಆಸ್ಪತ್ರೆಯಲ್ಲಿ ನರ್ಸ್. ವಾರಕ್ಕೆ ಮೂರು ದಿನ ಡ್ಯೂಟಿ ಮುಗಿಯುವಾಗ ರಾತ್ರಿ ಒಂಬತ್ತು. ಆಲ್ದೂರು ದಾಟಿದ ಮೇಲೆ ಎಷ್ಟೋ ತಿರುವಿನಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ. ಬೆನ್ನು ನೋವಿದೆ, ಭಾರ ಎತ್ತಬೇಡಿ ಅಂದಿದ್ದಾರೆ.

ಉತ್ತರ: ಹಾಗಾದರೆ ನನ್ನ ಮಾತು ಬದಲಾಯಿತು. ನಾಲ್ಕೂ ರನ್‌ಫ್ಲಾಟ್ ಹಾಕಿಸಿ.

17 ಇಂಚಿನ ಚಕ್ರ ಎತ್ತಿ, ಬೋಲ್ಟಿನ ತೂತಿಗೆ ಸರಿಯಾಗಿ ಕೂರಿಸುವುದು ಗಟ್ಟಿಮುಟ್ಟಾದವರಿಗೂ ಮಳೆಯಲ್ಲಿ ಸುಲಭವಲ್ಲ. ಇಳಿಜಾರಿನಲ್ಲಿ ಜಾಕ್ ಜಾರುತ್ತದೆ. ಬಾಳೆಹೊನ್ನೂರಿನಿಂದ ಚಿಕ್ಕಮಗಳೂರಿಗೆ ಹೆಚ್ಚುಕಮ್ಮಿ 50 ಕಿಲೋಮೀಟರ್. ಮಧ್ಯದಲ್ಲಿ ಎಲ್ಲೇ ಮೊಳೆ ಚುಚ್ಚಿದರೂ ಇಳಿಯದೆ, ನಿಧಾನವಾಗಿ ಮನೆಗೋ ಊರಿಗೋ ಬಂದು ಸೇರಬಹುದು. ಆ ಜಾಸ್ತಿ ದುಡ್ಡು ಇದಕ್ಕೇ ಕೊಡುವುದು. ಗಾಳಿ ತುಂಬುವ ಕಿಟ್ ಇದ್ದರೆ ಆಗಲ್ವಾ ಅಂತ ಕೇಳಬಹುದು. ಅದರ ಅಂಟು ದ್ರವ ಟೈರಿನ ನೆಲಕ್ಕೆ ತಾಗುವ ಭಾಗದಲ್ಲಿರುವ ಸಣ್ಣ ತೂತನ್ನು ಮುಚ್ಚುತ್ತದೆ, ಅಷ್ಟೇ. ಅದಕ್ಕೂ ನೀವು ಕತ್ತಲಲ್ಲಿ ಇಳಿದು ಕೂರಬೇಕು.

ಕೊಳ್ಳುವಾಗ ಈಗಿನ ಟೈರಿನ ಮೇಲಿರುವುದನ್ನು ಪೂರ್ತಿ ಬರೆದುಕೊಳ್ಳಿ. 225/50 ಆರ್ 17 94 ಡಬ್ಲ್ಯು ಅಂತಿದ್ದರೆ, ಆ 94 ಅಂದರೆ ಒಂದು ಟೈರ್ 670 ಕಿಲೋ ಹೊರಬಲ್ಲದು ಎಂದು. ಅದಕ್ಕಿಂತ ಕಡಿಮೆಯದು ಬೇಡ. ಟೈರಿನ ಪಕ್ಕದ ಗೋಡೆಯ ಮೇಲೆ ಬೇರೆಯಾಗಿ ನಾಲ್ಕು ಅಂಕಿ ಇರುತ್ತದೆ. 1425 ಅಂದರೆ 2025ರ 14ನೇ ವಾರ ತಯಾರಾಗಿದ್ದು. ರನ್‌ಫ್ಲಾಟ್ ನಿಧಾನಕ್ಕೆ ಮಾರಾಟವಾಗುವ ಮಾಲು, ಹಳೆಯದು ಕೈಗೆ ಬರಬಹುದು. ನೋಡಿಯೇ ತಗೊಳ್ಳಿ.

ಸಕಲೇಶಪುರದಿಂದ ಒಬ್ಬರು: ಸರ್, ನನ್ನದೂ ರನ್‌ಫ್ಲಾಟ್. ಹೋದ ತಿಂಗಳು ಶಿರಾಡಿ ಘಾಟಿಯಲ್ಲಿ ಪಂಕ್ಚರ್ ಆಯಿತು. ಹಾಗೇ 40 ಕಿಲೋಮೀಟರ್ ಓಡಿಸಿಕೊಂಡು ಬಂದೆ. ತೂತಿಗೆ ರಬ್ಬರ್ ಸ್ಟ್ರಿಪ್ ಹಾಕಿಸಿದ್ದೇನೆ, ಗಾಳಿ ನಿಂತಿದೆ. ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ ಸರ್. ದಯವಿಟ್ಟು ರಿಮ್ಮಿನಿಂದ ಬಿಚ್ಚಿಸಿ ಒಳಗೆ ನೋಡಿಸಿ. ಹೋದ ವರ್ಷ ಇದೇ ಥರದ ಟೈರ್ ಬಿಚ್ಚಿದ್ದೆ. ಹೊರಗೆ ಹೊಸದರ ಹಾಗಿತ್ತು. ಒಳಗೆ ಕೈ ಹಾಕಿದರೆ ಒಂದು ಹಿಡಿ ಕಪ್ಪು ಪುಡಿ ಬಂತು, ಆಗಷ್ಟೇ ಬೀಸಿದ ಕಾಫಿ ಪುಡಿಯಂತೆ ನುಣ್ಣಗೆ. ಗೋಡೆಯ ಒಳಭಾಗದ ರಬ್ಬರ್ ಬಿಸಿಗೆ ಸವೆದು ಉದುರಿತ್ತು. ಬೆರಳಿಂದ ಒತ್ತಿದರೆ ಒಂದು ಕಡೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಸ್ಟ್ರಿಪ್ ತೂತನ್ನು ಮುಚ್ಚುತ್ತದೆ, ಗೋಡೆಯನ್ನು ಸರಿಮಾಡುವುದಿಲ್ಲ. ಗಾಳಿ ಇಲ್ಲದೆ 40 ಕಿಲೋಮೀಟರ್ ಓಡಿದ ರನ್‌ಫ್ಲಾಟನ್ನು ನಾನಾದರೆ ಮತ್ತೆ ಹಾಕಿಕೊಡುವುದಿಲ್ಲ. ಘಾಟಿ ಇಳಿಯುವ ಕಾರು ನಿಮ್ಮದು.

ಪ್ರಶ್ನೆ: ಸ್ವಿಫ್ಟ್‌ಗೂ ರನ್‌ಫ್ಲಾಟ್ ಹಾಕಿಸಬಹುದಾ ಅಣ್ಣಾ?

ಉತ್ತರ: ಬೇಡ ತಮ್ಮಾ. ಆ ಕಾರಿನ ಸಸ್ಪೆನ್ಷನ್ ಅದಕ್ಕೆ ಮಾಡಿದ್ದಲ್ಲ. ಸ್ಟೆಪ್ನಿಗೆ ಗಾಳಿ ಇದೆಯಾ ನೋಡಿಕೋ, ಅದು ಮುಖ್ಯ.

ಮೊದಲು ಕೇಳಿದ ಮೇಡಂ: ಸರ್, ಪಂಕ್ಚರ್ ಆಗಿದ್ದು ನನಗೆ ಹೇಗೆ ಗೊತ್ತಾಗುತ್ತದೆ? ಟೈರ್ ಚಪ್ಪಟೆ ಆಗುವುದಿಲ್ಲವಲ್ಲ.

ಉತ್ತರ: ಒಳ್ಳೆಯದನ್ನು ಕೇಳಿದಿರಿ. ಕಣ್ಣಿಗೆ ಕಾಣುವುದಿಲ್ಲ, ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪವೇ ಹೇಳಬೇಕು. ಎಷ್ಟೋ ಕಾರುಗಳಲ್ಲಿ ಅದು ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಗಾಳಿ ಕಡಿಮೆಯಾದ ಚಕ್ರ ಸ್ವಲ್ಪ ಬೇಗ ತಿರುಗುತ್ತದೆ, ಅದನ್ನು ಹಿಡಿಯುತ್ತದೆ. ಹಾಗಾಗಿ ಹೊಸ ಟೈರ್ ಹಾಕಿದ ಮೇಲೆ, ಪ್ರತಿ ಸಲ ಗಾಳಿ ಹಿಡಿಸಿದ ಮೇಲೆ ರೀಸೆಟ್ ಮಾಡಬೇಕು. ಮೊದಲು ಬೆಳಗ್ಗೆ ತಣ್ಣಗಿರುವಾಗ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಇರುವಷ್ಟು ಗಾಳಿ, ಆಮೇಲೆ ರೀಸೆಟ್. ಕಡಿಮೆ ಗಾಳಿಯಲ್ಲಿ ರೀಸೆಟ್ ಮಾಡಿದರೆ ಅದನ್ನೇ ಸರಿ ಅಂದುಕೊಳ್ಳುತ್ತದೆ. ಅಂಗಡಿಗೆ ಬಂದಾಗ ಆ ಬಟನ್ ನಿಮ್ಮ ಕೈಯಲ್ಲೇ ಒತ್ತಿಸುತ್ತೇನೆ. ಕಾರನ್ನು ಮಾತ್ರ ಆ ಉಬ್ಬಿದ ಟೈರಿನಲ್ಲಿ ಓಡಿಸಿಕೊಂಡು ಬರಬೇಡಿ. ಚಕ್ರ ಬಿಚ್ಚಿ ಜೀಪಿನಲ್ಲೋ ಪಿಕಪ್‌ನಲ್ಲೋ ಕಳಿಸಿ, ಉಳಿದ ಮೂರನ್ನು ಆಮೇಲೆ ನೋಡೋಣ.